ಪೂಜೆಯ ನಡುವೆ ಏಳಲು ಹೇಳಿದ ನರ್ಸಮ್ಮ

ಹೊನ್ನಾಳಿಯ ಆಸ್ಪತ್ರೆಯಲ್ಲಿದ್ದ ಆ ನರ್ಸಮ್ಮ ನಿಂತು ಮಾತಾಡುತ್ತಿರಲಿಲ್ಲ. ಸ್ಟೂಲು ಎಳೆದುಕೊಂಡು, ಮೊಣಕಾಲು ತಾಗುವಷ್ಟು ಹತ್ತಿರ ಕೂತು, "ಹೇಳ್ರಿ ಅಕ್ಕಾ, ಅವಸರ ಇಲ್ಲ" ಅನ್ನುತ್ತಿದ್ದರು.

ಮೂತ್ರಚೀಲದ ನೋವು, ಅರೆತಲೆನೋವು, ಹೊಟ್ಟೆಯುಬ್ಬರ ಮೂರೂ ನನಗೆ ಒಟ್ಟಿಗೇ ಅಂಟಿಕೊಂಡಿದ್ದವು. ಪೂಜೆಗೆ ಕೂರುವುದೇ ಕಷ್ಟವಾಗಿತ್ತು; ಕೊನೆಯ ಮಂಗಳಾರತಿಗೆ ನಿಲ್ಲಲಾಗದೆ ಅದನ್ನು ಅತ್ತೆಯೇ ಎತ್ತುತ್ತಿದ್ದರು. ಮೂತ್ರಪರೀಕ್ಷೆಯಲ್ಲಿ ಏನೂ ಸಿಗದ ಮೇಲೆ ಮನೆಯಲ್ಲಿ ಅತ್ತೆ, "ಎಲ್ಲಾ ನಿನ್ನ ಭ್ರಮೆ" ಅಂದಿದ್ದರು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ನರ್ಸಮ್ಮ ನನ್ನ ದಿನಚರಿ ಕೇಳಿದರು.

"ಸ್ನಾನ ಮಾಡಿ ಮಡಿ ಉಟ್ಟರೆ ಪೂಜೆ ಮುಗಿಯೋವರೆಗೂ ಬಚ್ಚಲಿಗೆ ಹೋಗಂಗಿಲ್ಲ, ತಡಕೊಂತೀನಿ. ಸೋಮವಾರ ಉಪವಾಸ, ಬರೀ ಟೀ" ಅಂದೆ.

"ಎಷ್ಟು ಸಲ?"

"ಐದಾರು ಸಲ."

"ಅದು ಉಪವಾಸ ಅಲ್ಲ ಅಕ್ಕಾ, ಟೀ ವ್ರತ!" ಅಂತ ನಕ್ಕು ಕೈ ಹಿಡಿದುಕೊಂಡರು. "ನೋವು ಖರೇನೇ ಐತೆ, ಭ್ರಮೆ ಅಲ್ಲ. ತಡಕೊಂಡು, ಖಾಲಿ ಹೊಟ್ಟಿಗೆ ಟೀ ಕುಡುದು ಹೆಚ್ಚು ಮಾಡ್ಕೋಬ್ಯಾಡ್ರಿ. ಅವಸರ ಇಲ್ಲ, ಎದ್ದು ಹೋಗಿ ಬರ್ರಿ. ಶಿವ ಎಲ್ಲಿಗೂ ಓಡಿ ಹೋಗಲ್ಲ."

ಮುಂದಿನ ಸೋಮವಾರ ಅಭಿಷೇಕದ ನಡುವೆಯೇ ಎದ್ದೆ. ಅತ್ತೆ ನನ್ನ ಮುಖ ನೋಡಿದರು. ನಾನು ಕೈಕಾಲು ತೊಳೆದು ಬಂದಾಗ ಆರತಿಯ ತಟ್ಟೆ ಹಿಡಿದು ಕಾಯುತ್ತಿದ್ದರು.

"ಬಾ, ನೀನೇ ಹಚ್ಚು" ಅಂದರು.

ನೋವು ಪೂರ್ತಿ ಹೋಗಿಲ್ಲ. ಆದರೆ ಎಷ್ಟೋ ತಿಂಗಳ ಮೇಲೆ ಅವತ್ತು ಮಂಗಳಾರತಿ ನನ್ನ ಕೈಯಿಂದ ಆಯಿತು.