ಪಾಲಕರ ಸಭೆಗೆ ಗುರುಲಿಂಗವ್ವನ ಒಗ್ಗರಣೆ

ಬೆಳಕು ಹರಿಯುವ ಮೊದಲೇ ಗುರುಲಿಂಗವ್ವ ಓಣಿ ಹಿಡಿದಿದ್ದಾರೆ. ಕಡಲೆ ಹೊಲಕ್ಕೆ ಆಳುಗಳನ್ನು ಕರೆದೊಯ್ಯುವ ಟಂಟಂ ಗಾಡಿ ಬಂತೆಂದರೆ ಅರ್ಧ ಊರೇ ಖಾಲಿ. ಅಷ್ಟರೊಳಗೆ ಮನೆಮನೆಯ ಬಾಗಿಲು ಬಡಿಯಬೇಕು. ಇವತ್ತು ಶಾಲೆಯಲ್ಲಿ ಪಾಲಕರ ಸಭೆ.

“ಹನ್ನೊಂದಕ್ಕ ಬರ್ರಿ. ಬೈಸಿಕೊಳ್ಳಾಕಲ್ಲ, ದೊಡ್ಡ ಸರ್‌ನ ಬೈಯಾಕ ಬರ್ರಿ!” ಎಂದು ಕೂಗುತ್ತ ಸಾಗುವ ಅವರನ್ನು ನೋಡಿ, ಹಲ್ಲುಜ್ಜುತ್ತ ನಿಂತ ಗಂಡಸರೂ ನಗುತ್ತಾರೆ.

ಅಮೀನಗಡದಿಂದ ಒಳದಾರಿ ಹಿಡಿದರೆ ಸಿಗುವ ಈ ಸಣ್ಣ ಊರಿನ ಸರ್ಕಾರಿ ಶಾಲೆಯಲ್ಲಿ ಗುರುಲಿಂಗವ್ವ ಬಿಸಿಯೂಟದ ಅಡುಗೆಯವರು. ಗಂಡ ಬೀರಲಿಂಗಪ್ಪ ಕುರಿ ಹೊಡೆದುಕೊಂಡು ಅರ್ಧ ವರ್ಷ ಊರೂರು ಅಲೆಯುವವರು. ಮನೆ, ಮಕ್ಕಳು, ಅತ್ತೆಯ ದವಾಖಾನೆ ಎಲ್ಲವೂ ಇವರ ತಲೆ ಮೇಲೆ. ಹದಿನೈದು ವರ್ಷಗಳಿಂದ ದಿನಕ್ಕೆ ನೂರೈವತ್ತು ಮಕ್ಕಳಿಗೆ ಬೇಯಿಸಿ ಬಡಿಸಿ, ದೊಡ್ಡ ಪಾತ್ರೆ ಎತ್ತಿ ಎತ್ತಿ ಸೊಂಟ ಹಿಡಿದಿದೆ. ಬಾಯಿಗೆ ಮಾತ್ರ ಇನ್ನೂ ದಣಿವಾಗಿಲ್ಲ.

ಆ ಬಾಯಿ ಸಭೆಗೆ ಬಂದದ್ದು ಅಚಾನಕ್ಕಾಗಿ. ಕೆಲವು ವರ್ಷಗಳ ಹಿಂದೆ ಒಂದು ಸಭೆಗೆ ಬಂದದ್ದೇ ಏಳೆಂಟು ಜನ. ಅವರೂ ಪೊಲೀಸ್ ಠಾಣೆಯಲ್ಲಿ ಕುಳಿತವರಂತೆ ತಲೆ ತಗ್ಗಿಸಿದ್ದರು. ಚಹಾ ತಂದ ಗುರುಲಿಂಗವ್ವ ಬಾಗಿಲಲ್ಲೇ ನಿಂತು, “ಯಾರರ ತೀರಿಕೊಂಡಾರೇನ್ರಿ?” ಎಂದು ಕೇಳಿಬಿಟ್ಟರು. ಎಲ್ಲರೂ ಗೊಳ್ಳೆಂದು ನಕ್ಕರು. ನಕ್ಕ ಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಮುಖ್ಯಶಿಕ್ಷಕ ದತ್ತಾತ್ರೇಯ ಅಂದಿನಿಂದ ಸಭೆ ನಡೆಯುವಾಗ ಅವರನ್ನು ಅಡುಗೆಮನೆಗೆ ಮರಳಲು ಬಿಟ್ಟಿಲ್ಲ. “ನಾ ಒಂದು ತಾಸು ಭಾಷಣ ಮಾಡಿದ್ರ ಆಗದ್ದು, ಆಕಿ ಒಂದು ಮಾತಿಗೆ ಆಗ್ತದ,” ಎನ್ನುವಾಗ ಅವರಿಗೆ ಯಾವ ಬಿಗುಮಾನವೂ ಇಲ್ಲ.

ಈಗ ಪ್ರತಿ ಸಭೆಯೂ ಒಂದು ಪುಟ್ಟ ಆಟದಿಂದಲೇ ಶುರು. ಗುರುಲಿಂಗವ್ವ ಶಾಲೆ ಹುಡುಗನಂತೆ ಕೈಕಟ್ಟಿ ನೆಲದ ಮೇಲೆ ಕೂರುತ್ತಾರೆ. ಹೋಮ್‌ವರ್ಕ್ ಎಲ್ಲಿ ಎಂದು ಮಾಸ್ತರರು ಗದರುತ್ತಾರೆ.

“ಆಡು ತಿಂತ್ರಿ ಸರ್.”

“ನಿಮ್ಮನ್ಯಾಗ ಆಡೇ ಇಲ್ಲಲ್ಲ?”

“ಬಾಜೂಮನೀದ್ರಿ. ಭಾಳ ಓದು ಬರಹದ ಆಡ್ರಿ ಅದು!”

ತಮ್ಮ ಮಕ್ಕಳ ನೆವಗಳನ್ನೇ ಕೇಳಿ ತಂದೆತಾಯಂದಿರು ಹೊಟ್ಟೆ ಹಿಡಿದುಕೊಳ್ಳುತ್ತಾರೆ. “ಮೊದಲ ಸಾಲಿ ಕಡೆ ಬರಾಕ ಅಂಜಿಕಿ ಆಗ್ತಿತ್ರಿ. ಈಗ ಆಟ ನೋಡಾಕ ಬರ್ತೇನಿ, ಮಗನ ಸುದ್ದಿನೂ ತಿಳೀತೈತಿ,” ಎನ್ನುತ್ತಾರೆ ರೈತ ಪಾಂಡಪ್ಪ.

ಆದರೆ ಕಳೆದ ಸಭೆಯಲ್ಲಿ ಆಟ ಎಡವಟ್ಟಾಯಿತು. ಸಾಮಾನ್ಯವಾಗಿ ಮಕ್ಕಳನ್ನು, ಮಾಸ್ತರರನ್ನು ಮಾತ್ರ ಆಡಿ ತೋರಿಸುವ ಗುರುಲಿಂಗವ್ವ, ಜನ ನಕ್ಕ ಹುರುಪಿನಲ್ಲಿ ಕೂಲಿಗೆ ಹೋಗುವ ರೇಣವ್ವನವರನ್ನು ಆಡಿಬಿಟ್ಟರು. ಬಾಯಿಗೆ ಸೆರಗು ಹಚ್ಚಿ, ಮಗಳು ಸಾಲಿಗೆ ಬರ್ತಾಳೇನು ಅಂದರೂ “ಹೌದ್ರಿ”, ಬರೂದಿಲ್ಲೇನು ಅಂದರೂ “ಹೌದ್ರಿ”. ಜನ ಬಿದ್ದು ಬಿದ್ದು ನಕ್ಕರು. ಹಿಂದೆ ಕುಳಿತಿದ್ದ ರೇಣವ್ವ ಸದ್ದಿಲ್ಲದೆ ಎದ್ದು ಹೋದರು. ಆಮೇಲೆ ಶಾಲೆಯ ಮೆಟ್ಟಿಲು ಹತ್ತಿಲ್ಲ.

ಅವರ ಮಗಳು ಪ್ರಿಯದರ್ಶಿನಿ ಏಳನೆಯ ತರಗತಿಯಲ್ಲಿದ್ದಾಳೆ. ಇಲ್ಲಿ ಏಳರವರೆಗೆ ಮಾತ್ರ. ಮುಂದೆ ಓದಲು ಬಸ್ಸಿನಲ್ಲಿ ಅಮೀನಗಡಕ್ಕೆ ಹೋಗಬೇಕು. ಮಾತಾಡಲು ಹೇಳಿಕಳಿಸಿದರೆ ತಾಯಿ ಬರುವುದಿಲ್ಲ. “ಏಳು ಸಾಕು” ಎಂಬ ಮಾತೊಂದೇ ಬರುತ್ತದೆ. ಗುರುಲಿಂಗವ್ವನಿಗೆ ಇದು ಊಟ ಸೇರದಷ್ಟು ಸಂಕಟ. “ನನ್ನ ನಗಿ-ಚಾಷ್ಟಿಯಿಂದ ಒಂದು ಹುಡುಗಿ ಸಾಲಿ ಬಿಟ್ರ, ಇಷ್ಟು ವರ್ಸ ಹುಡುಗರಿಗೆ ಅನ್ನ ಹಾಕಿ ಏನು ಬಂತ್ರಿ?”

ಇವತ್ತು ಬೆಳಗ್ಗೆ ಅವರು ಕೊನೆಗೆ ನಿಂತದ್ದು ರೇಣವ್ವನ ಬಾಗಿಲಲ್ಲಿ. ರೇಣವ್ವ ಬುತ್ತಿ ಕಟ್ಟುತ್ತಿದ್ದರು, ತಲೆ ಎತ್ತಲಿಲ್ಲ.

“ತಪ್ಪಾತು ತಂಗಿ. ಅವತ್ತ ನಾ ನಿನ್ನ ಆಡೇನಿ. ಇವತ್ತ ಎಲ್ಲಾರ ಮುಂದ ನೀ ನನ್ನ ಆಡು. ಲೆಕ್ಕ ಚುಕ್ತಾ.”

ರೇಣವ್ವ ಬುತ್ತಿಯ ಗಂಟು ಬಿಗಿದರು. ಹೊರಗೆ ಟಂಟಂ ಹಾರನ್ ಹೊಡೆಯುತ್ತಿತ್ತು.

ಹನ್ನೊಂದಕ್ಕೆ ಕೊಠಡಿ ತುಂಬಿದೆ. ಗುರುಲಿಂಗವ್ವ ಆಡುತ್ತಾರೆ, ಆದರೆ ಕಣ್ಣು ಬಾಗಿಲಲ್ಲೇ. ಆಟ ಮುಗಿಯುತ್ತ ಬಂದಾಗ ರೇಣವ್ವ ಒಳಗೆ ಬರುತ್ತಾರೆ. ಕೂರುವುದಿಲ್ಲ. ನೇರ ಮುಂದೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಜಿನ ಮೇಲಿದ್ದ ರೂಲ್‌ಪಟ್ಟಿಯನ್ನೇ ಸೌಟು ಮಾಡಿಕೊಂಡು, ಥೇಟ್ ಊಟ ಬಡಿಸುವ ಗುರುಲಿಂಗವ್ವನ ಸೊಂಟ ಹಿಡಿದ ನಡಿಗೆಯಲ್ಲಿ ಮುಖ್ಯಶಿಕ್ಷಕರ ಎದುರು ನಿಲ್ಲುತ್ತಾರೆ.

“ಏ ದತ್ತೂ! ಸಾರಿನ್ಯಾಗಿನ ಗಜ್ಜರಿ ಯಾಕ ಬಾಜೂಕ ಇಟ್ಟಿ? ಅದನ್ನ ನಿಮ್ಮಪ್ಪ ಬಂದು ತಿಂತಾನೇನು?”

“ತಿಂತೇನ್ರಿ ಯಕ್ಕಾ,” ಎಂದು ದತ್ತಾತ್ರೇಯರು ತಲೆ ಬಗ್ಗಿಸುತ್ತಾರೆ.

ಕೊಠಡಿಯ ಹಂಚು ಹಾರುವಂಥ ನಗು. ಎಲ್ಲರಿಗಿಂತ ಜೋರಾಗಿ ನಗುತ್ತಿರುವವರು ಗುರುಲಿಂಗವ್ವನೇ. ನಗುತ್ತ ನಗುತ್ತ ಕಣ್ಣೊರೆಸಿಕೊಳ್ಳುತ್ತಾರೆ.

ಸದ್ದಡಗುವವರೆಗೆ ಕಾದು, ರೂಲ್‌ಪಟ್ಟಿ ಕೆಳಗಿಟ್ಟು, ರೇಣವ್ವ ಕೇಳುತ್ತಾರೆ: “ಸರ್, ನಮ್ಮ ಹುಡುಗಿ ಅಮೀನಗಡಕ್ಕ ಹೋದ್ರ, ಸಂಜೀ ಬಸ್ಸು ತಪ್ಪಿದ ದಿನ ಏನು ಮಾಡಬೇಕ್ರಿ?”

“ನಮ್ಮ ಮನಿ ಅಲ್ಲೇ ಅದ. ನಮ್ಮನ್ಯಾಗ ಕೂತಿರಲಿ. ನಾನೇ ತಂದು ಬಿಡ್ತೇನಿ.”

ರೇಣವ್ವ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿಕೊಂಡು, “ಹಂಗಾರ ಹೆಸರು ಹಚ್ಚೂಣ್ರಿ,” ಎನ್ನುತ್ತಾರೆ.

ಸಭೆ ಮುಗಿದ ಮೇಲೆ ಗುರುಲಿಂಗವ್ವ ಪಾತ್ರೆ ತಿಕ್ಕುತ್ತ ಕುಳಿತಿದ್ದಾರೆ. ನಿಮ್ಮ ಬಗ್ಗೆ ಏನು ಬರೆಯೋಣ ಎಂದರೆ ಕೈ ನಿಲ್ಲಿಸುತ್ತಾರೆ.

“ನಂದೇನು ಬರೀತೀರಿ? ಆಕೀದು ಬರೀರಿ. ಇಷ್ಟು ಮಂದೀನ ನಗಿಸೇನಿ ಖರೆ, ನನ್ನ ಹಿಂಗ ನಗಿಸಿದಾಕಿ ಆಕಿ ಒಬ್ಬಾಕೀನ.”