ಚೀಲದೊಳಗಿದ್ದ ಸೀಟಿ

ಓದುಗರಿಗೆ ನಮಸ್ಕಾರ. ನಾನು ಅರಸೀಕೆರೆ ಕಡೆಯವನು. ಶಾಲೆ ಓದು ಮುಗಿಸಿದ್ದೇ ರೈಲ್ವೆ ಕೆಲಸಕ್ಕೆ ಸೇರಿದ ಮೇಲೆ. ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ದೆವ್ವ, ಶಕುನ ಅನ್ನುವವರನ್ನು ಕಂಡರೆ ಮೊದಲು ನಗುತ್ತಿದ್ದೆ. ಈಗ ನಗುವುದಿಲ್ಲ.

ಎಂಬತ್ತರ ದಶಕದ ಶುರು. ಮದ್ರಾಸಿನ ರೈಲ್ವೆ ಯಾರ್ಡಿನಲ್ಲಿ ನಾನು, ವರದಣ್ಣ ಒಟ್ಟಿಗೆ ಗಾಡಿಗಳನ್ನು ಬಿಡಿಸಿ ಜೋಡಿಸುವ ಶಂಟಿಂಗ್ ಕೆಲಸದಲ್ಲಿದ್ದೆವು. ಹಕ್ಕಿ ನೋಡುವ ಹುಚ್ಚು ನನಗೆ ಹಿಡಿಸಿದವರು ಅವರೇ. ಜನವರಿಯ ಒಂದು ಭಾನುವಾರ ಬೆಳಿಗ್ಗೆ ಗಿಂಡಿಯಿಂದ ಬಸ್ಸು ಹಿಡಿದು ಪಳ್ಳಿಕರಣೆಯ ಜೌಗಿಗೆ ಹೋದೆವು. ಟೀ ಅಂಗಡಿಯಲ್ಲಿ ವರದಣ್ಣ ಕುತ್ತಿಗೆಯಲ್ಲಿದ್ದ ಡ್ಯೂಟಿಯ ಹಿತ್ತಾಳೆ ಸೀಟಿ ತೆಗೆದು ಕೊಟ್ಟರು.

“ಲೀವ್ ದಿನಾನೂ ಎತ್ತಿನ ಗಂಟೆ ಥರ ನೇತಾಕ್ಕೊಂಡು ಬಂದಿದೀನಿ ನೋಡು! ನಿನ್ ಚೀಲದಲ್ಲಿ ಹಾಕ್ಕೋಪ್ಪಾ.”

ಊಟದ ಡಬ್ಬಿಯ ಕೆಳಗೆ ಇಟ್ಟು ಚೀಲದ ಬಕಲ್ ಹಾಕಿದೆ.

ದೂರದಲ್ಲಿ ರಾಜಹಂಸಗಳು ಕಂಡವು. ವರದಣ್ಣ ಕಾಲಿನ ಮುಳ್ಳು ತೆಗೆಯುತ್ತಾ ಏರಿಯ ಮೇಲೆ ಕೂತರು. ನಾನು ಆಸೆ ತಡೆಯಲಾರದೆ ಚೀಲ ಹೆಗಲಿಗೇರಿಸಿ, ಕೋಲು ಹಿಡಿದು ಎತ್ತರದ ಆಪು ಹುಲ್ಲಿನೊಳಗೆ ಇಳಿದೆ. ಸ್ವಲ್ಪ ಹೊತ್ತಿಗೆ ಮಂಜು ಮುಚ್ಚಿಕೊಂಡಿತು. ಏರಿ ಕಾಣಲಿಲ್ಲ, ಹಕ್ಕಿಯೂ ಕಾಣಲಿಲ್ಲ. ಏರಿ ಈ ಕಡೆಯೇ ಇರಬೇಕೆಂದು ಬೇಗ ಬೇಗ ನಡೆದೆ.

ಆಗ ಸೀಟಿ ಕೇಳಿತು. ಮೂರು ಸಲ, ಚುಟುಕಾಗಿ, ಕಿವಿಯ ಪಕ್ಕದಲ್ಲೇ.

ನಮ್ಮ ಯಾರ್ಡಿನಲ್ಲಿ ಹಾಗೆ ಊದಿದರೆ ಇದ್ದಲ್ಲೇ ನಿಲ್ಲಬೇಕು. ಯಾಕೆ ಅಂತ ಕೇಳುವ ಹಾಗಿಲ್ಲ, ಕೇಳಿದವರು ಗಾಡಿಗಳ ನಡುವೆ ಸಿಕ್ಕಿ ಸತ್ತಿದ್ದಾರೆ. ಎತ್ತಿದ ಕಾಲು ತಾನಾಗಿಯೇ ಹಿಂದಕ್ಕೆ ಬಂತು. ಕಾಲಿಡಬೇಕಿದ್ದ ಜಾಗಕ್ಕೆ ಕೋಲು ಚುಚ್ಚಿದೆ. ನನ್ನೆತ್ತರದ ಕೋಲು ಹಿಡಿಯವರೆಗೂ ಇಳಿದುಹೋಯಿತು. ನನ್ನ ಹೆಜ್ಜೆಗುರುತನ್ನೇ ಹುಡುಕುತ್ತಾ ಏರಿಗೆ ಹಿಂದಿರುಗಿದೆ.

“ನೀವು ಊದದಿದ್ರೆ ಇವತ್ತು ನಾನಿಲ್ಲ ವರದಣ್ಣ” ಎಂದೆ.

“ನಾನೆಲ್ಲಿ ಊದ್ದೆ? ಪೈತ್ಯಮಾ ನಿಂಗೆ, ಹುಚ್ಚಾ? ಸೀಟಿ ನಿನ್ ಹತ್ರ ಅಲ್ವಾ ಇರೋದು!”

“ಹಾಗಾದ್ರೆ ಯಾವ್ದೋ ಹಕ್ಕಿ ಇರಬೇಕು.”

ಅವರು ಜೌಗಿನ ಕಡೆ ನೋಡಿದರು. “ಹಂಗೆ ಕೂಗೋ ಹಕ್ಕಿ ಇಲ್ಲಿಲ್ಲಪ್ಪಾ. ನಂಗೂ ಕೇಳಿಸ್ತು. ನೀನೇ ಊದ್ತಿದೀಯ ಅಂದ್ಕೊಂಡೆ.”

ಚೀಲದ ಬಕಲ್ ಹಾಕಿದ ಹಾಗೇ ಇತ್ತು. ಸೀಟಿ ಡಬ್ಬಿಯ ಕೆಳಗೇ ಇತ್ತು. ಅದರ ಬಾಯಿ ಮಾತ್ರ ಒದ್ದೆಯಾಗಿತ್ತು. ಮಂಜಿನ ತೇವ ಎಂದುಕೊಂಡೆ, ಆದರೆ ಚೀಲದೊಳಗೆ ಬೇರೆ ಯಾವುದೂ ಒದ್ದೆಯಾಗಿರಲಿಲ್ಲ. ವಾಪಸು ಕೊಡಹೋದರೆ ವರದಣ್ಣ ಅದನ್ನು ಮುಟ್ಟಲಿಲ್ಲ. “ನೀನೇ ಇಟ್ಕೋ” ಎಂದರು.

ಇದಕ್ಕೆ ಅರ್ಥವೇನೋ ನನಗೆ ಇವತ್ತಿಗೂ ತಿಳಿದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ ದಯವಿಟ್ಟು ಬರೆದು ತಿಳಿಸಿ. ಆ ಸೀಟಿ ಈಗಲೂ ನನ್ನ ಬಳಿ ಇದೆ. ಒಂದು ಸಲವೂ ಊದಿ ನೋಡಿಲ್ಲ.