ಅಪ್ಪಣೆ ಮಾವನ ಮೆಟ್ಟಿಲು ಕಂಬಿ

ಬೀದಿಯವರೆಲ್ಲ ಅವರನ್ನು ಅಪ್ಪಣೆ ಮಾವ ಅಂತಲೇ ಕರೆಯುವುದು, ಏಕೆಂದರೆ ತಮ್ಮ ಮನೆಯ ರಿಪೇರಿಯನ್ನೆಲ್ಲ ತಾವೇ ಮಾಡಿಕೊಳ್ಳುವ ಈ ಮಹಾಶಯರು ನಗರಸಭೆ ಕಚೇರಿಯ ಪರವಾನಗಿ ಬರದೆ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯುವವರಲ್ಲ. ಪರವಾನಗಿ ಬಂತೋ, ಅದನ್ನು ಗೇಟಿಗೆ ತೂಗುಹಾಕಿ, ಹೋಗಿಬರುವವರು ಓದಿ ಮುಗಿಸುವವರೆಗೂ ಪಕ್ಕದಲ್ಲೇ ನಿಂತಿರುತ್ತಾರೆ. ಕಚೇರಿಯ ಇನ್‌ಸ್ಪೆಕ್ಟರು ಬಂದು ವೈರಿಂಗ್ ನೋಡುವ ಮುಂಚೆ ಗೋಡೆ ಮುಚ್ಚುವಂತಿಲ್ಲವಲ್ಲ, ಹಾಗಾಗಿ ಅಡುಗೆಮನೆಯ ಗೋಡೆ ಎಷ್ಟೋ ದಿನ ಹೊಟ್ಟೆ ಬಗೆಸಿಕೊಂಡೇ ನಿಂತಿರುತ್ತದೆ. ಹೆಂಡತಿ ಅದರೊಳಗೇ ಸೌಟು ನೇತುಹಾಕುತ್ತಾರೆ. "ನಮ್ಮನೇದೂ ಸ್ವಲ್ಪ ಮಾಡ್ಕೊಡಿ ಮಾವ" ಎಂದು ಪಕ್ಕದ ಮನೆಯವನು ಕೇಳಿದರೆ, "ಲೈಸೆನ್ಸ್ ಇಲ್ಲದ ನಾನು ನನ್ನ ಮನೆಗಷ್ಟೇ ಮೇಸ್ತ್ರಿ ಕಣಪ್ಪಾ" ಎಂದು ಬಡ್ತಿ ಸಿಕ್ಕವರ ಹಾಗೆ ಎದೆಯುಬ್ಬಿಸುತ್ತಾರೆ. ಇಂಥವರು ಕೂರಿಸಿದ ಮೆಟ್ಟಿಲು ಕಂಬಿಯನ್ನು ಇನ್‌ಸ್ಪೆಕ್ಟರು ಒಮ್ಮೆ ಫೇಲ್ ಮಾಡಿಬಿಟ್ಟರು. ಸರಳುಗಳ ಸಂದಿಯಲ್ಲಿ ಇಷ್ಟು ಗಾತ್ರದ ಚೆಂಡು ತೂರಬಾರದು ಅನ್ನುವುದು ರೂಲ್ಸು. ಚೀಲದಿಂದ ಆ ಅಳತೆಯ ಒಂದು ಚೆಂಡು ತೆಗೆದು ಸರಳುಗಳ ನಡುವೆ ಒತ್ತಿದರು, ಅದು ಆಚೆ ಬಿದ್ದು ಪುಟಿಯುತ್ತ ಕೆಳಗಿಳಿಯಿತು. "ಒಂದು ಬೆರಳಷ್ಟು ಸಂದಿ ಜಾಸ್ತಿಯಾದ್ರೆ ಮನೆ ಮುಳುಗಿಹೋಗುತ್ತಾ?" ಎಂದು ಹೆಂಡತಿ ಉರಿದುಬಿದ್ದರು. ಮಾವ ಅಂಬೆಗಾಲಿಡುವ ಮೊಮ್ಮಗಳನ್ನು ಎತ್ತಿಕೊಂಡು, ಅವಳ ತಲೆಯ ಪಕ್ಕ ಆ ಚೆಂಡನ್ನು ಹಿಡಿದು ನೋಡಿದರು. ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ. ಅವತ್ತೇ ಕಂಬಿಯನ್ನೆಲ್ಲ ಬಿಚ್ಚಿ, ಸರಳುಗಳನ್ನು ಒತ್ತೊತ್ತಾಗಿ ಕೂರಿಸತೊಡಗಿದರು. ಈಗ ಮನೆಗೆ ಯಾರೇ ಬರಲಿ, ನೀರಿಗಿಂತ ಮೊದಲು ಕೈಗೆ ಚೆಂಡು ಕೊಡುತ್ತಾರೆ: "ತೂರಿಸಿ ನೋಡೋಣ!" ಚೆಂಡು ತೂರದೆ ವಾಪಸ್ ಬಂದಾಗಲೆಲ್ಲ ಹೆಂಡತಿಯ ಕಡೆ ತಿರುಗಿ, "ಈ ರೂಲ್ಸ್ ಬರೆದವನೂ ಯಾವುದೋ ಮಗೂಗೆ ತಾತನೇ ಇರ್ಬೇಕು ಕಣೇ" ಅನ್ನುತ್ತಾರೆ.